ಮಣಿಕಟ್ಟಿನ ಕೊಳೆ

ಹಾಸನದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಗೃಹಪ್ರವೇಶ, ಚುನಾವಣೆ ಎಲ್ಲಕ್ಕೂ ಫ್ಲೆಕ್ಸ್ ಹೊಡೆಯುತ್ತೇನೆ. ಆದರೆ ಯಾವ ಕಾಲದಲ್ಲೂ ನಿಲ್ಲದ ಕೆಲಸವೆಂದರೆ ಶ್ರದ್ಧಾಂಜಲಿಯದು. ಸತ್ತವರ ಮನೆಯಿಂದ ಯಾರಾದರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಫೋಟೊ ಹಿಡಿದು ಬರುತ್ತಾರೆ. ಆಧಾರ್ ಕಾರ್ಡಿನ ಫೋಟೊ ಬೇಡ, ಚೆನ್ನಾಗಿದ್ದ ಕಾಲದ್ದು ಹಾಕಿ ಎನ್ನುತ್ತಾರೆ. ನಾನು ಹಳೆಯ ಫೋಟೊವನ್ನು ಸ್ಕ್ಯಾನ್ ಮಾಡಿ, ಬಿರುಕುಗಳನ್ನು ಮುಚ್ಚಿ, ಹಿಂದೆ ಆಕಾಶ ಕೂರಿಸಿ, ಸುತ್ತ ಹೂವಿನ ಹಾರ ಹಾಕಿ ಕೊಡುತ್ತೇನೆ. ಮಾರನೆಯ ದಿನ ಅದು ಯಾವುದೋ ಸರ್ಕಲ್ಲಿನಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿರುತ್ತದೆ.

ಈಗ ಅಂಥ ಫ್ಲೆಕ್ಸ್ ಎಲ್ಲಿ ಕಂಡರೂ ನನ್ನ ಕಣ್ಣು ಮೊದಲು ಮುಖಕ್ಕೆ ಹೋಗುವುದಿಲ್ಲ, ಎಡಗೈಯ ಮಣಿಕಟ್ಟಿಗೆ ಹೋಗುತ್ತದೆ. ಇದು ನನ್ನ ಅಭ್ಯಾಸವಲ್ಲ. ಬೇರೆಯವನ ಕಣ್ಣು ನನ್ನ ಮುಖದಲ್ಲಿ ಬಂದು ಕೂತ ಹಾಗೆ ಅನ್ನಿಸಿ ಹೇಸಿಗೆಯಾಗುತ್ತದೆ. ಹೇಗೆ ಅಂಟಿಕೊಂಡಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನನ್ನ ಜೊತೆ ಕಾಲೇಜಿನಲ್ಲಿ ಓದಿದವನೊಬ್ಬ ಹೊಳೆನರಸೀಪುರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಬೆರಳು ನಡುಗದವನು, ಮೆತ್ತಗೆ ಮಾತಾಡುವವನು. ಅವನಿಗೆ ಹಳೆಯ ವಾಚುಗಳ ಹುಚ್ಚು. ಕೊಳ್ಳುವ ಹುಚ್ಚಲ್ಲ, ಬಿಡಿಭಾಗ ಕೂಡಿಸಿ ಕಟ್ಟುವ ಹುಚ್ಚು. ಹಿಂದಿನ ಕಾಲದ ಸ್ವಿಸ್ ವಾಚುಗಳಲ್ಲಿ ಕೆಲವನ್ನು ನಮ್ಮಂಥವರು ಮುಟ್ಟಲೂ ಆಗುವುದಿಲ್ಲ, ಅಷ್ಟು ದುಬಾರಿ. ಅಂಥವುಗಳದೇ ಅಚ್ಚಿನ ಕೇಸು, ಗಾಜು, ಮುಳ್ಳುಗಳನ್ನು ಹೊರದೇಶದಲ್ಲಿ ಹೊಸದಾಗಿ ಮಾಡಿ ಮಾರುತ್ತಾರಂತೆ. ಅವು ಪಾರ್ಸಲ್ಲಿನಲ್ಲಿ ಅವನಿಗೆ ಬರುತ್ತವೆ. ಒಳಗಿನ ಮಷೀನು, ಡಯಲ್ಲು, ಕೀ ಕೊಡುವ ತಿರುಪು ಇಷ್ಟನ್ನು ಮಾತ್ರ ಅದೇ ಕಂಪನಿಗಳ ಅಗ್ಗದ, ಆದರೆ ನಿಜವಾದ ಹಳೆಯ ವಾಚುಗಳಿಂದ ತೆಗೆದು ಅದಕ್ಕೆ ಕೂರಿಸುತ್ತಾನೆ. ನಕಲಿ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಮೈ ಹೊಸದು, ಜೀವ ಹಳೇದು ಕಣಯ್ಯ ಎನ್ನುತ್ತಿದ್ದ. ಇದೇ ಹುಚ್ಚಿನ ಮೂರ್ನಾಲ್ಕು ಜನ ಚನ್ನರಾಯಪಟ್ಟಣ, ಅರಕಲಗೂಡು ಕಡೆ ಇದ್ದರು. ಆಗಾಗ ಸೇರಿ ಒಬ್ಬರದ್ದನ್ನೊಬ್ಬರು ನೋಡುತ್ತಿದ್ದರು.

ಅವನು ಹಾಸನಕ್ಕೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಕೂರುತ್ತಿದ್ದ. ಟೀ ತರಿಸುತ್ತಿದ್ದ. ನಾನು ಕೆಲಸ ಮಾಡುವಾಗ ಬೆನ್ನ ಹಿಂದೆ ನಿಂತು ಸ್ಕ್ರೀನ್ ನೋಡುತ್ತಿದ್ದ. ಹೊತ್ತು ಕಳೆಯಲಿಕ್ಕೆ ಎಂದೇ ನಾನು ತಿಳಿದಿದ್ದೆ.

ಕಟ್ಟಾಯದ ಕಡೆಯ ಒಂದು ಹಳ್ಳಿಯಿಂದ ರೈತರೊಬ್ಬರು ತೀರಿಹೋದ ತಂದೆಯ ಫ್ಲೆಕ್ಸಿಗೆ ಬಂದ ದಿನ ಅವನು ಅಲ್ಲೇ ಇದ್ದ. ಅವರು ತಂದದ್ದು ತಂದೆ ತಾಯಿಯ ಮದುವೆ ಫೋಟೊ, ಕಪ್ಪು ಬಿಳುಪು. ಧಾರೆ ಎರೆಯುತ್ತಿರುವಾಗ ತೆಗೆದದ್ದು. ಗಂಡು ಹೆಣ್ಣಿನ ಬೊಗಸೆಗಳು ಕೂಡಿವೆ, ನಡುವೆ ತೆಂಗಿನಕಾಯಿ, ಮೇಲಿನಿಂದ ಒಂದು ಮುದಿ ಕೈ ಚೊಂಬಿನಿಂದ ಹಾಲು ಬಿಡುತ್ತಿದೆ. ಮುಖ ಮಾತ್ರ ಕತ್ತರಿಸಿ ತೆಗೆಯಬೇಕಿತ್ತು. ನಾನು ಮುಖವನ್ನು ದೊಡ್ಡದು ಮಾಡುತ್ತಿದ್ದೆ.

"ಅಲ್ಲಲ್ಲ," ಎಂದ ಅವನು ಹಿಂದಿನಿಂದ. "ಮುಖ ಅಲ್ಲ ಕಣೋ, ಕೈ. ಕೈ ದೊಡ್ಡದು ಮಾಡು."

ಮಾಡಿದೆ. ಹಾಲು ಸುರಿಯುತ್ತಿರುವ ಬೊಗಸೆಯ ಕೆಳಗೆ, ಗಂಡಿನ ಎಡಗೈ ಮಣಿಕಟ್ಟಿನಲ್ಲಿ ಒಂದು ವಾಚು ಕಂಡಿತು. ಅವನು ಬಗ್ಗಿ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತಿದ್ದ ಮಗನ ಪಕ್ಕಕ್ಕೆ ಹೋಗಿ ಕೂತು, ಅವರ ಭುಜದ ಮೇಲೆ ಕೈಯಿಟ್ಟು, ತಂದೆಗೆ ಏನಾಗಿತ್ತು, ಎಷ್ಟು ದಿನ ಮಲಗಿದ್ದರು ಎಂದೆಲ್ಲ ಕೇಳಿದ. ತನ್ನ ತಂದೆ ಸತ್ತಾಗ ತಾನು ಪಟ್ಟ ಕಷ್ಟ ಹೇಳಿಕೊಂಡ. ಆ ವಾಚು ಇದೆಯೇ ಎಂದು ಕೇಳಿದ್ದು ಕೊನೆಯಲ್ಲಿ.

"ಐತೆ ಸಾ. ನಮ್ಮವ್ವನ ಟ್ರಂಕ್‌ನಾಗೆ ಮಡಗೈತೆ. ಓಡಕಿಲ್ಲ."

ತಿಥಿಯ ದಿನ ಫೋಟೊದ ಮುಂದೆ ಇಡಲಿಕ್ಕೆ ಓಡುವ ಹಾಗೆ ಮಾಡಿಕೊಡುತ್ತೇನೆ, ಒಂದು ಪೈಸೆ ಬೇಡ ಎಂದ ನನ್ನ ಸ್ನೇಹಿತ. ಮಗನ ಕಣ್ಣು ತುಂಬಿತು. ಫ್ಲೆಕ್ಸ್ ತೆಗೆದುಕೊಂಡು ಹೋಗಲು ಮತ್ತೆ ಬಂದಾಗ ವಾಚನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಕೈಗೇ ಕೊಟ್ಟರು. ನಾನು ಅದನ್ನು ಬಿಡಿಸಿ ನೋಡಿದ್ದೆ. ಕೇಸಿನ ಸಂದುಗಳಲ್ಲಿ ಕರೀ ಕೊಳೆ ಗಟ್ಟಿಯಾಗಿತ್ತು. ಡಯಲ್ಲು ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು, ಕೆನೆಯ ಬಣ್ಣಕ್ಕೆ ತಿರುಗಿತ್ತು. ಆರು ಮತ್ತು ಏಳರ ನಡುವಿನಿಂದ ಒಂದು ಕಂದು ಕಲೆ ಹೊರಟು ಮೇಲಕ್ಕೆ ಹಬ್ಬಿ, ಮುಳ್ಳುಗಳು ಕೂಡುವ ಜಾಗದ ಹತ್ತಿರ ಹುಣಸೆ ಬೀಜದ ಬಣ್ಣವಾಗಿ ನಿಂತಿತ್ತು. ತುಕ್ಕು ಎಂದುಕೊಂಡೆ. ಅದನ್ನು ಹಾಗೇ ಸುತ್ತಿ ಸ್ನೇಹಿತನಿಗೆ ಕೊಟ್ಟೆ.

ತಿಥಿಗೆ ನಮ್ಮಿಬ್ಬರನ್ನೂ ಕರೆದಿದ್ದರು. ಶಾಮಿಯಾನದ ಕೆಳಗೆ ಜನ ಊಟಕ್ಕೆ ಕೂತಿದ್ದರು. ನಾನು ಹೊಡೆದ ಫ್ಲೆಕ್ಸನ್ನು ಬಾಗಿಲ ಪಕ್ಕ ಕಟ್ಟಿದ್ದರು. ಸ್ನೇಹಿತ ಜೇಬಿನಿಂದ ವಾಚು ತೆಗೆದು ಮಗನ ಕೈಗಿಟ್ಟ. ಓಡುತ್ತಿತ್ತು. ಕೇಸಿಗೆ ಹೊಳಪು ಬಂದಿತ್ತು. ಡಯಲ್ಲು ಹೊಸ ತಟ್ಟೆಯ ಹಾಗೆ ಬೆಳ್ಳಗಿತ್ತು. ಅಂಗಡಿಯಿಂದ ಈಗ ತಂದಂಗೆ ಐತೆ ಎಂದು ನೆಂಟರು ಕೈಯಿಂದ ಕೈಗೆ ದಾಟಿಸಿದರು. ಒಬ್ಬರು ಕಿವಿಗೆ ಹಿಡಿದು ನಕ್ಕರು.

ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ತಾಯಿಯ ಹತ್ತಿರ ಮಗ ಅದನ್ನು ತೆಗೆದುಕೊಂಡು ಹೋದರು. ನಾವೂ ಹಿಂದೆ ಹೋದೆವು. ಎಪ್ಪತ್ತು ದಾಟಿದ ಹೆಂಗಸು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ವಾಚನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ಹಿಂಭಾಗ ನೋಡಿದರು. ಮತ್ತೆ ಮುಂಭಾಗ.

"ಹಾಲಿನ ಕಲೆ ಎಲ್ಲೋಯ್ತಪ್ಪಾ?"

ಕ್ಲೀನ್ ಮಾಡುವಾಗ ಹೋಯಿತು ಅಜ್ಜಿ ಎಂದ ನನ್ನ ಸ್ನೇಹಿತ. ಹೊಸದರಂಗೆ ಐತಲ್ಲವ್ವ, ಇನ್ನೇನು ಎಂದರು ಮಗ. ಹೊರಗೆ ಯಾರೋ ಕರೆದರೆಂದು ಇಬ್ಬರೂ ಹೋದರು. ನಾನು ಉಳಿದೆ, ಯಾಕೆಂದರೆ ಆಕೆ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು.

ಆಗ ಅವರು ಹೇಳಿದ್ದು ಇಷ್ಟು. ಆ ವಾಚು ಅವರ ತಂದೆ ಅಳಿಯನಿಗೆ ಕೊಟ್ಟದ್ದು. ಮದುವೆಯ ಹೊತ್ತಿಗೆ ಗಂಡಿಗೆ ವಾಚು ಕಟ್ಟಿದ ಸಂಭ್ರಮ ಎಷ್ಟಿತ್ತೆಂದರೆ ಧಾರೆಗೆ ಕೂತಾಗ ಬಿಚ್ಚಿಡು ಎಂದರೆ ಬಿಚ್ಚಲಿಲ್ಲ. ಪುರೋಹಿತರು ಹೇಳಿದರು, ಸೋದರಮಾವ ಹೇಳಿದರು, ಇಲ್ಲ. ಎಲ್ಲರೂ ಸಾಲಾಗಿ ಬಂದು ಹಾಲು ಬಿಟ್ಟರು. ಮೊದಲು ಬಿಟ್ಟದ್ದು ತಂದೆ. ಕೈ ನಡುಗಿ ಹಾಲೆಲ್ಲ ಮಣಿಕಟ್ಟಿನ ಮೇಲೆ ಹೋಯಿತು. ಬೀಗರ ಊಟದ ಹೊತ್ತಿಗೆ ಗಾಜಿನೊಳಗೆ ಮಂಜು ಕಟ್ಟಿತ್ತು. ಅಳಿಯ ಮುಖ ಸಪ್ಪಗೆ ಮಾಡಿಕೊಂಡು ಓಡಾಡಿದ್ದನ್ನು ನೋಡಿ ಮನೆಯ ಹೆಂಗಸರೆಲ್ಲ ನಕ್ಕಿದ್ದರಂತೆ. ಹೊಲದಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಗಂಡ ಎಲ್ಲಿದ್ದರೂ ಹೊತ್ತು ನೋಡಿದಾಗ ಮೊದಲು ಕಲೆ ನೋಡುತ್ತಿದ್ದರು, ನೋಡಿ ಹೆಂಡತಿಯ ಕಡೆ ತಿರುಗುತ್ತಿದ್ದರು. ತಂದೆ ಮದುವೆಯಾದ ವರ್ಷವೇ ತೀರಿಹೋದರು. ಅವರ ಒಂದು ಫೋಟೊ ಇಲ್ಲ. ಧಾರೆಯ ಫೋಟೊದಲ್ಲೂ ಬಂದಿರುವುದು ಕೈ ಮಾತ್ರ.

"ನಮ್ಮಪ್ಪ ಉಯ್ದ ಹಾಲು ಕಣಪ್ಪ ಅದು," ಎಂದರು. "ತೊಳದ್ರೆ ಓಗದು ಅಲ್ಲ."

ಕೇಳಿ ನೋಡುತ್ತೇನೆ ಎಂದು ಹೇಳಿ ಬಂದೆ. ದಾರಿಯಲ್ಲಿ ಸ್ನೇಹಿತನನ್ನು ಕೇಳಿದಾಗ, ಹಳೇ ಡಯಲ್ಲು, ಔಷಧಿ ಹಾಕಿದ ಕೂಡಲೇ ಹೊರಟುಹೋಯ್ತು, ಏನು ಮಾಡಲಿ ಎಂದ. ನಂಬಿದೆ.

ಆಮೇಲಿನ ಒಂದು ಭಾನುವಾರ ಅವನು ನನ್ನನ್ನು ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದ. ಅವರ ಗುಂಪಿನ ವಾಚುಗಳ ಫೋಟೊ ಹತ್ತಿರದಿಂದ ತೆಗೆಯಬೇಕಿತ್ತು. ಗುಂಪಿನಲ್ಲಿ ಒಬ್ಬರು ಕೊಬ್ಬರಿ ವ್ಯಾಪಾರಿ. ಅವರ ಮಂಡಿಯ ಮಹಡಿಯ ಮೇಲೆ ಸೇರಿದ್ದರು. ಕೆಳಗಿನಿಂದ ಕೊಬ್ಬರಿಯ ಎಣ್ಣೆ ವಾಸನೆ ಬರುತ್ತಿತ್ತು. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಪಕ್ಕದಲ್ಲಿ ಮಸಾಲೆ ವಡೆಯ ತಟ್ಟೆ ಇಟ್ಟಿದ್ದರು. ಸ್ನೇಹಿತ ಕೊನೆಯಲ್ಲಿ ತನ್ನ ಡಬ್ಬಿ ತೆರೆದ. ಅದು ತಾನು ಹೊಸದಾಗಿ ಕಟ್ಟಿದ ವಾಚು ಎಂದ. ಎಲ್ಲರೂ ಎದ್ದು ಬಂದರು.

ನಾನು ಲೆನ್ಸ್ ಹತ್ತಿರ ಮಾಡಿದೆ. ಕ್ಯಾಮೆರಾದ ಪರದೆಯ ತುಂಬ ಡಯಲ್ಲು ಬಂತು. ಕೇಸು ಬೇರೆ, ಮುಳ್ಳು ಬೇರೆ, ಗಾಜು ಉಬ್ಬಿದ ಗಾಜು. ಆರು ಮತ್ತು ಏಳರ ನಡುವಿನಿಂದ ಕಂದು ಕಲೆ ಹೊರಟು ಮೇಲಕ್ಕೆ ಹಬ್ಬಿತ್ತು. ನಡುವೆ ಹುಣಸೆ ಬೀಜದ ಬಣ್ಣ.

ಅವನು ಅವರಿಗೆ ಕತೆ ಹೇಳುತ್ತಿದ್ದ. ಒಳಗಿನದು ಕಾಫಿ ತೋಟದ ಒಬ್ಬ ಪ್ಲಾಂಟರ್ ದೊರೆಯ ವಾಚಿನದಂತೆ, ವರ್ಷಗಟ್ಟಲೆ ಬಿಸಿಲು ಕುಡಿದು ಡಯಲ್ಲು ಹೀಗೆ ಹಣ್ಣಾಗಿದೆಯಂತೆ, ಇಂಥ ಬಣ್ಣ ಯಾವ ಕಾರ್ಖಾನೆಯಲ್ಲೂ ಬರುವುದಿಲ್ಲವಂತೆ. ಅರಕಲಗೂಡಿನಿಂದ ಬಂದಿದ್ದ ಹೊಗೆಸೊಪ್ಪಿನ ವ್ಯಾಪಾರಿ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಇದನ್ನು ಯಾರಿಗೂ ಕೊಡಬೇಡ, ನನಗೇ ಇರಲಿ ಎಂದರು. ಆಮೇಲೆ ಉಗುರಿನಿಂದ ಕೇಸಿನ ಸಂದು ಕೆರೆದು, ಕೇಸು ಹೊಸದಲ್ಲವಾ, ಇಷ್ಟು ಹಳೇ ಕೊಳೆ ಎಲ್ಲಿಂದ ಬಂತು ಎಂದು ಕೇಳಿದರು.

ಸ್ನೇಹಿತ ನಾಚಿಕೊಂಡವನ ಹಾಗೆ ನಕ್ಕ. ಚೀಲದಿಂದ ಒಂದು ಸಣ್ಣ ಕುಂಕುಮದ ಭರಣಿ ತೆಗೆದು ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಕಪ್ಪು ಹಸಿರು ಬಣ್ಣದ, ಜಿಡ್ಡಿನ ಪುಡಿ ಇತ್ತು. ಕೈಗೆ ಬಂದ ಪ್ರತಿಯೊಂದು ಹಳೇ ವಾಚಿನ ಸಂದುಗಳಿಂದಲೂ ಸೂಜಿಯಲ್ಲಿ ಕೆರೆದು ತೆಗೆದು ಕೂಡಿಟ್ಟದ್ದು. ಬೆವರು, ಚರ್ಮ, ಧೂಳು. ಒಂದು ತೊಟ್ಟು ಎಣ್ಣೆ ಹಾಕಿ ಕಲಸಿ ಹೊಸ ಕೇಸಿನ ಸಂದಿಗೆ ತುಂಬುತ್ತಾನೆ.

"ಕೊಳೆನೂ ಒರಿಜಿನಲ್ಲೇ," ಎಂದ.

"ಯಾರದಯ್ಯಾ ಇದು?" ಎಂದರು ಕೊಬ್ಬರಿ ವ್ಯಾಪಾರಿ.

"ಯಾರದಾದ್ರೇನು ಸಾ? ಮನುಷ್ಯರದು."

ನಕ್ಕರು. ಒಬ್ಬರು ಬೆರಳ ತುದಿಗೆ ಸ್ವಲ್ಪ ತೆಗೆದುಕೊಂಡು ತಿಕ್ಕಿ ನೋಡಿ, ಅದೇ ಬೆರಳನ್ನು ಪಂಚೆಗೆ ಒರೆಸಿಕೊಂಡು ವಡೆ ಮುರಿದರು. ನಾನು ಕ್ಯಾಮೆರಾ ಕೆಳಗಿಟ್ಟು ಮೆಟ್ಟಿಲಿಳಿದು ಹೊರಗೆ ಬಂದೆ. ಮೋರಿಯ ಪಕ್ಕ ಕೂತು ವಾಂತಿ ಮಾಡಿಕೊಂಡೆ. ಕೊಬ್ಬರಿ ಸುಲಿಯುವವರು ಬಿಸಿಲಿಗೆ ಆಗಿರಬೇಕೆಂದು ನೀರು ತಂದುಕೊಟ್ಟರು. ನನ್ನ ಅಂಗಡಿಯ ಸ್ಕ್ರೀನಿನಲ್ಲಿ ಹಾರ ಹಾಕಿಸಿಕೊಂಡ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಯಾರ ಯಾರ ಮನೆಯವರ ಭುಜದ ಮೇಲೆ ಅವನು ಕೈಯಿಟ್ಟಿದ್ದ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ನಾನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಅದು ನನಗೆ ಇನ್ನೂ ಕೆಟ್ಟದ್ದೆನಿಸಿತು. ಅವರ ಡಯಲ್ಲನ್ನೂ ಮಷೀನನ್ನೂ ತೆಗೆದುಕೊಂಡಿದ್ದೇನೆ, ಬದಲಿಗೆ ಬೇರೆ ಹಾಕಿಕೊಟ್ಟಿದ್ದೇನೆ ಎಂದ. ಅವರ ಕೈಯಲ್ಲಿದ್ದಾಗ ಅದು ನಿಂತ ವಾಚಾಗಿತ್ತು, ಈಗ ಓಡುವ ವಾಚು ಇದೆ. ಹಳೇದನ್ನು ಅವರು ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿ ಹಾಕಿಟ್ಟಿದ್ದರು, ನಾನು ಅದಕ್ಕೆ ಮರ್ಯಾದೆ ಕೊಟ್ಟಿದ್ದೇನೆ ಎಂದ. ಇದರಲ್ಲಿ ಕಳಕೊಂಡವರು ಯಾರು ಎಂದು ನನ್ನನ್ನೇ ಕೇಳಿದ. ದನಿ ಏರಿಸಲಿಲ್ಲ. ಪಕ್ಕದಲ್ಲಿ ಲಾರಿ ದಾಟುವಾಗ ಮಾತು ನಿಲ್ಲಿಸಿ, ದಾಟಿದ ಮೇಲೆ ಮುಂದುವರಿಸುತ್ತಿದ್ದ.

ನಾನು ಧಾರೆಯ ವಿಷಯ ಹೇಳಿದೆ. ಬಿಸಿಲಲ್ಲ, ಹಾಲು. ಆ ತಾಯಿಯ ತಂದೆ ಬಿಟ್ಟ ಹಾಲು. ಅದನ್ನು ವಾಪಸು ಕೊಡದಿದ್ದರೆ ಅರಕಲಗೂಡಿನವರಿಗೆ ನಾನೇ ಹೋಗಿ ಹೇಳುತ್ತೇನೆ, ದೊರೆಯ ಕತೆ ಬಿಡಿ, ಇದು ಇಂಥವರ ಮನೆಯದು ಎಂದು.

ಹಾಸನದ ಬೈಪಾಸು ಹತ್ತಿರವಾದಾಗ, "ಕಲೆ ತಾನೆ ಬೇಕು ಅವರಿಗೆ?" ಎಂದ. "ಮಾಡ್ಕೊಡೋಣ ಬಿಡು."

ಹಾಗೆ ಬೇಡ, ಅವರದ್ದೇ ಕೊಡು ಎಂದೆ. ನೋಡೋಣ ಎಂದ.

ಕೆಲವು ದಿನ ಬಿಟ್ಟು ಫೋನ್ ಮಾಡಿ ಹೊಳೆನರಸೀಪುರಕ್ಕೆ ಬಾ ಎಂದ. ಅಂಗಡಿಯ ಹಿಂದೆ, ಗಾಜು ಉಜ್ಜುವ ಯಂತ್ರ ಇರುವ ಕೋಣೆಯಲ್ಲಿ ಅವನ ಮೇಜು. ದೀಪದ ಕೆಳಗೆ ಬಿಳಿ ಬಟ್ಟೆಯ ಮೇಲೆ ಎರಡು ಡಯಲ್ಲು ಇದ್ದವು. ಅರಕಲಗೂಡಿನವರು ತಮಗೇ ಇರಲಿ ಎಂದಿದ್ದ ವಾಚನ್ನು ಮತ್ತೆ ಬಿಚ್ಚಿದ್ದ. ಅದರ ಜೋಡಿ ಮಾಡಲು ಅದೇ ಕಂಪನಿಯ, ಅದೇ ಕಾಲದ ಇನ್ನೊಂದು ಡಯಲ್ಲನ್ನು ಹುಡುಕಿ ತಂದಿದ್ದ. ಇನ್ನಾವ ಮನೆಯದೋ ನಾನು ಕೇಳಲಿಲ್ಲ. ಹಾಲು ಬತ್ತಿಸಿ, ಡಿಕಾಕ್ಷನ್ ಸೇರಿಸಿ, ಕೂದಲಿನಷ್ಟು ಸಣ್ಣ ಬ್ರಷ್ಷಿನಲ್ಲಿ ಬಿಟ್ಟು, ಬಲ್ಬಿನ ಶಾಖದಲ್ಲಿ ಒಣಗಿಸಿ, ಮತ್ತೆ ಬಿಟ್ಟು, ಮತ್ತೆ ಒಣಗಿಸಿ ಮಾಡಿದನಂತೆ. ಆ ಕೆಲಸವನ್ನು ವಿವರಿಸುವಾಗ ಅವನ ಮುಖದಲ್ಲಿ ಒಂದು ಸಂತೋಷವಿತ್ತು. ಅದನ್ನು ನಾನು ಮರೆಯಲಾರೆ.

"ಯಾವುದು ಒರಿಜಿನಲ್ಲು, ಹೇಳು ನೋಡೋಣ."

ನಾನು ಬಗ್ಗಿದೆ. ಈ ಕಲೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಕ್ಯಾಮೆರಾದಲ್ಲಿ ನೋಡಿದ್ದೇನೆ, ತಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಒಂದನ್ನು ತೋರಿಸಿದೆ. ಅವನು ನಕ್ಕ. ಮುಂಗಡೆ ಗಿರಾಕಿಯೊಬ್ಬರು ಕನ್ನಡಕದ ಕಾಲು ಮುರಿದಿದೆ ಎಂದು ಕೂಗಿದರು. ಅವನು ಎದ್ದು ಹೋಗುವಾಗ ಮೊಣಕೈ ತಾಗಿ ಬಟ್ಟೆ ಜರುಗಿತು, ಡಯಲ್ಲುಗಳೆರಡೂ ಜಾರಿ ಮೇಜಿನ ಅಂಚಿಗೆ ಬಂದವು. ನಾನು ಕೈ ಅಡ್ಡ ಹಿಡಿದು ತಡೆದೆ. ಅವನು ವಾಪಸು ಬಂದು ಕೂತು, ಬಟ್ಟೆ ಸರಿಮಾಡಿ, ಎರಡನ್ನೂ ಚಿಮಟದಲ್ಲಿ ಎತ್ತಿ ಪಕ್ಕಪಕ್ಕ ಇಟ್ಟ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಮಗುಚಿ ಹಿಂಭಾಗ ನೋಡಿದ. ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ. "ಇದು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ತಡಿ, ಅಲ್ಲ," ಎಂದ.

ನಾನು ಎರಡನ್ನೂ ಬಟ್ಟೆಯ ಸಮೇತ ಮಡಿಸಿ ಜೇಬಿಗೆ ಹಾಕಿಕೊಂಡೆ. ಒಂದನ್ನಾದರೂ ಬಿಟ್ಟುಹೋಗು, ಅರಕಲಗೂಡಿನವರಿಗೆ ಏನು ಹೇಳಲಿ ಎಂದ. ನಾನು ಬಾಗಿಲ ಕಡೆ ನಡೆದೆ. ಎದ್ದು ತಡೆಯುತ್ತಾನೆ ಎಂದುಕೊಂಡೆ, ತಡೆಯಲಿಲ್ಲ. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಅವನು ಖಾಲಿ ಮೇಜಿನ ಮೇಲೆ ದೀಪವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ. ಅವನನ್ನು ನೋಡಿದ್ದು ಅದೇ ಕೊನೆ.

ಹಳ್ಳಿಗೆ ನಾನೊಬ್ಬನೇ ಹೋದೆ. ಮಗ ಜಗುಲಿಯ ಮೇಲಿದ್ದರು, ಎಡಗೈಯಲ್ಲಿ ಅದೇ ಹೊಳೆಯುವ ವಾಚು. ನಡೆದದ್ದನ್ನು ನಿಂತುಕೊಂಡೇ ಹೇಳಿದೆ. ಅವರಿಗೆ ಸ್ನೇಹಿತನ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಓಡ್ತಾ ಐತಲ್ಲ ಸಾ, ಈಗ್ಯಾಕೆ ಇದನ್ನೆಲ್ಲ ಎತ್ತಿಕೊಂಡು ಬಂದ್ರಿ, ಅವ್ವ ಈಗ ತಾನೆ ಉಣ್ಣೋದು ಶುರುಮಾಡವ್ಳೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಳಗಿನಿಂದ ಆಕೆ ಕೇಳಿಸಿಕೊಂಡಿದ್ದರು. ಬಾಗಿಲಿಗೆ ಬಂದು ಹೊಸ್ತಿಲ ಈಚೆ ಕೂತರು. ಎಲ್ಲಿ, ತೋರ್ಸು ಎಂದರು.

ಬಟ್ಟೆಯನ್ನು ಅವರ ಮುಂದೆ ನೆಲದ ಮೇಲೆ ಬಿಚ್ಚಿದೆ. ಎರಡರಲ್ಲಿ ಒಂದು ಮಾತ್ರ ನಿಮ್ಮದು, ಇನ್ನೊಂದು ಅವನು ಮಾಡಿದ್ದು ಎಂದೆ. ಹೇಗೆ ಮಾಡಿದ ಎಂದು ಕೇಳಿದರು. ಹಾಲು, ಡಿಕಾಕ್ಷನ್, ಬಲ್ಬು ಎಲ್ಲ ಹೇಳಿದೆ. ಆಪರೇಷನ್ ಆದ ಕಣ್ಣನ್ನು ಹತ್ತಿರ ತಂದು, ನೆಲಕ್ಕೆ ಕೈಯೂರಿ ಬಾಗಿ, ಒಂದಾದ ಮೇಲೊಂದು ನೋಡಿದರು. ಅಷ್ಟು ವರ್ಷ ನೋಡಿದ ಕಲೆ ಅವರಿಗೆ ತಿಳಿಯುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಇಲ್ಲಿಗೆ ಬರುವ ಧೈರ್ಯ ಬಂದದ್ದೇ ಆ ನಂಬಿಕೆಯಿಂದ.

"ನೀನೇ ಹೇಳಪ್ಪ. ಯಾವುದು?"

ಗೊತ್ತಿಲ್ಲ ಎಂದೆ. ಮಾಡಿದವನಿಗೂ ಗೊತ್ತಾಗಲಿಲ್ಲ ಎಂದೆ.

ಆಕೆ ನೆಟ್ಟಗೆ ಕೂತರು. ಅಳುತ್ತಾರೆ ಎಂದು ಹೆದರಿದೆ. ಅಳಲಿಲ್ಲ. ಮಗ ಬಗ್ಗಿ ಎತ್ತಿಕೊಳ್ಳಲು ಹೋದಾಗ ಅವರ ಕೈ ತಡೆದರು.

"ಮುಟ್ಬ್ಯಾಡ ಕಣ್ಲಾ. ಒಂದು ನಮ್ಮಪ್ಪಂದು. ಒಂದು ಅವನ ಎಂಜಲು. ಯಾವುದು ಅಂತ ಗೊತ್ತಾಗ್ದೆ ಎಂಗ್ಲಾ ಮನೆ ಒಳಕ್ಕೆ ತಕ್ಕೊಳದು?"

ಹಾಗಾದರೆ ಏನು ಮಾಡಲಿ ಎಂದು ನಾನು ಕೇಳಿದೆ. ಬಿಸಾಡು ಎನ್ನಲಿಕ್ಕೂ ಅವರಿಗೆ ಆಗಲಿಲ್ಲ. ಬಿಸಾಡಿದರೆ ಅಪ್ಪನದೂ ಹೋಗುತ್ತದೆ. ಕೊನೆಗೆ ಹೊರಗಿನ ಗೋಡೆಯಲ್ಲಿ, ಒಲೆಯ ಬೂದಿ ತುಂಬಿದ ಡಬ್ಬ ಇಡುವ ಗೂಡು ತೋರಿಸಿದರು. ನಾನು ಬಟ್ಟೆ ಮಡಿಸಿ ಅಲ್ಲಿಟ್ಟೆ. ಮಗ ಕೈಯಲ್ಲಿದ್ದ ವಾಚನ್ನು ಬಿಚ್ಚಿ ಅದರ ಮೇಲಿಟ್ಟು, ಯಾರನ್ನೂ ನೋಡದೆ ಕೊಟ್ಟಿಗೆಯ ಕಡೆ ಹೋದರು.

ಸೊಸೆ ಲೋಟದಲ್ಲಿ ಕಾಫಿ ತಂದು ಅತ್ತೆಯ ಪಕ್ಕದಲ್ಲಿಟ್ಟರು. ನಾನು ತೆಗೆದುಕೊಳ್ಳಲು ಕೈ ಚಾಚಿದೆ. ಆ ತಾಯಿ ಲೋಟವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಕೋಪದಿಂದಲ್ಲ, ಮನೆಗೆ ಬಂದವರಿಗೆ ಹೇಳುವ ದನಿಯಲ್ಲೇ ಹೇಳಿದರು.

"ಕೈ ತೊಳ್ಕೊಂಡು ಬಾರಪ್ಪ. ಆಮೇಲೆ ಕುಡೀವಂತೆ."

ಬಚ್ಚಲ ಪಕ್ಕದ ತೊಟ್ಟಿಯ ಹತ್ತಿರ ಹೋಗಿ ತೊಳೆದೆ. ಸೋಪು ಹಾಕಿ, ಉಗುರು ಸಂದಿ ಉಜ್ಜಿ ಮತ್ತೆ ತೊಳೆದೆ. ಬಂದು ಕೈ ಚಾಚಿದಾಗ ಆಕೆ ಅಂಗೈಯನ್ನೂ, ಮಗುಚಿ ಬೆರಳ ತುದಿಗಳನ್ನೂ ನೋಡಿದರು. ಆಮೇಲೆ ಲೋಟ ಕೊಟ್ಟರು.